ಆರನೆಯ ಮನೆ

ಭಾನುವಾರ, ಚರ್ಚು ಮುಗಿಸಿ,
ಟೌನ್ ಹಾಲ್ ಸರ್ಕಲ್ಲಿನ ಗದ್ದಲ ದಾಟಿ
ಮಂಡಿಪೇಟೆಯ ಸಂದಿಗೆ ಬರುತ್ತೇನೆ.
ಖಲೀಲ್ ಸಾಹೇಬರ ಬಂದೂಕಿನಂಗಡಿ, ಅರ್ಧ ಬಾಗಿಲು.
ಲೈಸೆನ್ಸು ಅವರದು, ಗೋಡೆಯ ಮೇಲೆ, ಚೌಕಟ್ಟಿನೊಳಗೆ;
ಕಿಟಕಿ ಪಕ್ಕದ ಮೇಜು ಮಾತ್ರ ನನ್ನದು.

ಇಪ್ಪತ್ತಾರು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ
ಕೂದಲಿಗಿಂತ ಸಣ್ಣ ಸ್ಪ್ರಿಂಗು ಕೂರಿಸಿದ ಕೈ ಇದು.
ಉಸಿರು ಬಿಟ್ಟರೆ ಹಾರುತ್ತಿತ್ತು ಅದು,
ಸೀನಿದರೆ ಅರ್ಧ ದಿನದ ಸಂಬಳ ಹೋಯಿತು.
ಕಾರ್ಖಾನೆ ಮುಚ್ಚಿತು;
ಬೆರಳಿಗೆ ಆ ಸುದ್ದಿ ಮುಟ್ಟಲಿಲ್ಲ.
"ಪ್ರೇಮಲೀಲಮ್ಮ, ಇದೂ ಗಡಿಯಾರವೇ,
ಆರೇ ಗಂಟೆಯದು," ಎಂದು ನಕ್ಕು
ಸಾಹೇಬರು ಮೊದಲ ರಿವಾಲ್ವರು ಕೈಗಿಟ್ಟಿದ್ದು
ಏಳು ವರ್ಷದ ಕೆಳಗೆ. ಅಂದಿನಿಂದ ಇದೇ ಹುಚ್ಚು.
ಸ್ವೆಟರ್ ಹೆಣಿಬಾರದೇನೆ ಅನ್ನುತ್ತಾಳೆ ತಂಗಿ.

ಈ ಸಲದ್ದು ಕೊರಟಗೆರೆ ಕಡೆಯಿಂದ.
ಹಳೇ ಪಂಚೆಯಲ್ಲಿ ಸುತ್ತಿ, ಹಸುಗೂಸಿನ ಹಾಗೆ
ಎದೆಗವುಚಿ ತಂದರು ರುದ್ರಾರಾಧ್ಯರು, ರಿಟೈರಾದ ಮೇಷ್ಟರು.
"ತಾತಂದು. ಒಂದು ಸಲವೂ ಹಾರಿಸಿದವರಲ್ಲ,
ಕಾಗೆ ಓಡಿಸೋಕೂ ಇಲ್ಲ. ಬರೀ ಗತ್ತಿಗೆ.
ಎಲೆಕ್ಷನ್ ಬಂದಾಗೆಲ್ಲ ಠಾಣೆಗೆ ಒಪ್ಪಿಸಿ
ರಸೀತಿ ತರೋದೇ ಇದರ ಚರಿತ್ರೆ."
ಸುತ್ತಿಗೆಯ ಮೂತಿಯನ್ನು ಯಾರೋ ಎಂದೋ ಅರೆದಿದ್ದರು.
ಇನ್ನು ಕಚ್ಚದು. ಬಾಯಿ ಮಾತ್ರ ಇದೆ.

ನಾಲ್ಕು ವಾರ ಸೀಮೆಎಣ್ಣೆಯಲ್ಲಿ ನೆನೆದ ಮೇಲೆ
ಮೊದಲ ತಿರುಪು ಕಿರ್ ಎಂದಿತು.
ಒಳಗೆ ಕೊಬ್ಬರಿ ಎಣ್ಣೆ ಒಣಗಿ ಗೋಂದಾಗಿತ್ತು.
ಅಕ್ಕರೆಯಿಂದ ಹಾಳುಮಾಡುವವರೇ ಹೆಚ್ಚು.
ಒಂದು ಸತ್ತ ಇರುವೆ. ಒಂದೆಳೆ ಕೆಂಪು ದಾರ.
ಮುರಿದ ಸ್ಪ್ರಿಂಗಿಗೆ
ಗೋಡೆಗಡಿಯಾರದ ಪಟ್ಟಿ ಕತ್ತರಿಸಿ,
ಕಾಸಿ, ಎಣ್ಣೆಗದ್ದಿ, ಮತ್ತೆ ಕಾಸಿ,
ನೇರಳೆ ಬಂದು ನೀಲಿಗೆ ತಿರುಗುವ ಗಳಿಗೆ,
ರೆಪ್ಪೆ ಬಡಿದರೆ ಕೆಟ್ಟಿತು,
ತೆಗೆದೆ.

ಸಿಲಿಂಡರು ಕಳಚಿ ಬೆಳಕಿಗೆ ಹಿಡಿದೆ. ಆರು ಮನೆ.
ದೀಪದ ಬತ್ತಿಯ ಹಾಗೆ ಬಟ್ಟೆ ಹೊಸೆದು
ಒಂದೊಂದನ್ನೇ ಒರೆಸಿದೆ.
ಐದು ಮನೆ ಹೊಳೆದವು,
ಇನ್ನೂ ಹಾಲು ಉಕ್ಕಿಸದ ಹೊಸ ಮನೆಯಂತೆ.
ಆರನೆಯದು ಒಪ್ಪಲಿಲ್ಲ.
ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ನೋಡಿದರೆ
ಗೋಡೆಯ ತುಂಬ ಸಿಡುಬಿನ ಕಲೆ,
ಮದ್ದಿನ ಮಸಿ ತಿಂದ ಕಬ್ಬಿಣ.
ಒಂದೇ ಒಂದು ಸಲ ಹಾರಿಸಿ
ಒರೆಸದೆ, ಅವಸರದಲ್ಲಿ
ಟ್ರಂಕಿನ ತಳಕ್ಕೆ ತುರುಕಿದರೆ ಹೀಗಾಗುತ್ತದೆ.

ಸಾಹೇಬರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ
"ಉಜ್ಜಿದರೆ ಹೋಗುತ್ತೆ" ಎಂದರು.
ಚಹಾದ ಲೋಟ ಕೆಳಗಿಟ್ಟು
"ಹೋಗುತ್ತೆ" ಎಂದು ಇನ್ನೊಮ್ಮೆ ಅಂದರು, ಬೇರೆ ದನಿಯಲ್ಲಿ.
ಉಜ್ಜುಕಾಗದ ನನ್ನ ಕೈಯಲ್ಲೇ ಇತ್ತು.
ತೆಳ್ಳಗೆ ಎಣ್ಣೆ ಸವರಿ ಬಿಟ್ಟೆ.

ಮುಂದಿನ ಭಾನುವಾರ ಮೇಷ್ಟರು ಬಂದರು.
ಕುದುರೆ ಎಳೆದರು: ಟಿಕ್. ಒಂದು ಮನೆ ಸರಿಯಿತು.
ಟಿಕ್. ಇನ್ನೊಂದು.
ಮೂರನೇ ಕ್ಲಾಸಿನ ಹುಡುಗನಂತೆ ನಕ್ಕರು.
"ಎಷ್ಟು ಸಣ್ಣ ಸದ್ದು! ಅಜ್ಜಿ ಇದ್ದಿದ್ದರೆ
ಬಲಗಿವಿಯ ಹತ್ತಿರ ಹಿಡಿದು ಕೇಳಿಸಬೇಕಿತ್ತು.
ಎಡಗಿವಿ ಪೂರ್ತಿ ಹೋಗಿತ್ತು ಪಾಪ,
ಮದುವೆಯಾಗಿ ಬಂದ ವರ್ಷವೇ,
ಏನೋ ಜ್ವರ ಬಂದು."

ಸಾಹೇಬರ ಪೆನ್ನು ಬಿಲ್ಲಿನ ಮೇಲೆ ನಿಂತಿತು.
ನಾನು ಪಂಚೆ ಮಡಿಚಿದೆ, ಒಂದು ಮಡಿಕೆ, ಮತ್ತೊಂದು,
ಇನ್ನು ಮಡಿಚಲಾಗದಷ್ಟು.
"ವರ್ಷಕ್ಕೊಮ್ಮೆ ತನ್ನಿ ಸಾರ್, ಎಣ್ಣೆ ಹಾಕಬೇಕು,"
ಎಂದೆ. "ಕೊಬ್ಬರಿ ಎಣ್ಣೆ ಬೇಡ."

ಬಿಲ್ಲು ಓದದೆ ಜೇಬಿಗಿಟ್ಟುಕೊಂಡು
ಬಸ್ಸಿಗೆ ಹೊತ್ತಾಯಿತೆಂದು ಹೊರಟರು.
ಸಾಹೇಬರು ಬರೆದಿದ್ದು ಇಷ್ಟು:
ಸ್ಪ್ರಿಂಗು, ಒಂದು.
ಮನೆ ಶುಚಿ ಮಾಡಿದ್ದು, ಐದು.